ಆ ಕೆಂಪು ಕೀ ಎಲ್ಲಿದೆ?

ನಮ್ಮ ಆಫೀಸಿನ ಊಟದ ಮೇಜಿನಲ್ಲಿ ತಿಂಗಳಿಗೊಬ್ಬರಾದರೂ ಟ್ರೆಡ್‌ಮಿಲ್ ಕೊಳ್ಳುತ್ತಾರೆ. ತಮಗಲ್ಲ, ಊರಲ್ಲಿರೋ ಅಪ್ಪ-ಅಮ್ಮನಿಗೆ. ಅಪ್ಪನಿಗೆ ಶುಗರ್ ಅಂತ ರಿಪೋರ್ಟ್ ಬಂದಿರುತ್ತೆ, ಅಮ್ಮನಿಗೆ ಬಿಪಿ ಶುರುವಾಗಿರುತ್ತೆ, ದಿನಾ ಅರ್ಧ ಗಂಟೆ ನಡೀರಿ ಅಂತ ಡಾಕ್ಟರು ಹೇಳಿರುತ್ತಾರೆ. ಮಗನೋ ಮಗಳೋ ಬೆಂಗಳೂರಲ್ಲಿ ಕೂತು, ಮೊಬೈಲಲ್ಲಿ ನಾಲ್ಕು ಮಾಡೆಲ್ ಹೋಲಿಸಿ ನೋಡ್ತಾ ಕೇಳುತ್ತಾರೆ: "ಮಗಾ, ಎರಡೂವರೆ ಎಚ್‌ಪಿ ಸಾಕಾ, ನಾಲ್ಕು ತಗೊಳ್ಳಲಾ? ಬ್ಲೂಟೂತ್ ಇರೋದು ಬೇಕಾ? ಮಡಚೋಕೆ ಬರುತ್ತಾ?"

ನಾನು ವಾಪಸ್ ಒಂದೇ ಪ್ರಶ್ನೆ ಕೇಳ್ತೀನಿ: "ನಿಮ್ಮಮ್ಮ ಮನೇಲಿ ಸೀರೆ ಉಡ್ತಾರಾ, ನೈಟೀನಾ? ಕೀ ಕ್ಲಿಪ್ ಎಲ್ಲಿಗೆ ಹಾಕ್ಕೋತಾರೆ?"

ಎಲ್ಲರೂ ನಗುತ್ತಾರೆ. ಯಾವ ಕೀ ಅಂತಲೇ ಅರ್ಧ ಜನಕ್ಕೆ ಗೊತ್ತಿರಲ್ಲ.

ಕೇಳೋದಕ್ಕೆ ಕಾರಣ ಇದೆ. ಎರಡು ವರ್ಷದ ಹಿಂದೆ ನಾನೂ ಇದೇ ಮೇಜಿನಲ್ಲಿ ಕೂತು, ಇದೇ ಥರ ಒಂದನ್ನು ಮೈಸೂರಿನ ಮನೆಗೆ ಆರ್ಡರ್ ಮಾಡಿದ್ದೆ. ಶನಿವಾರ ಊರಿಗೆ ಹೋಗಿ ನಾನೇ ಜೋಡಿಸಿದೆ. ಟಿವಿ ಚೆನ್ನಾಗಿ ಕಾಣಲಿ ಅಂತ ಸೋಫಾ ಸರಿಸಿ, ಮಷಿನ್ನಿನ ಹಿಂಭಾಗ ಗೋಡೆಯಿಂದ ಒಂದಡಿ ಇರೋ ಹಾಗೆ ಇಟ್ಟೆ. ಅಮ್ಮ ಎರಡು ನಿಮಿಷ ನಡೆದಳು, ನಾನು ಫೋಟೋ ತೆಗೆದೆ, ಸ್ಟೇಟಸ್ ಹಾಕಿದೆ. ಭಾನುವಾರ ಸಂಜೆ ಬೆಂಗಳೂರಿನ ಬಸ್ ಹತ್ತಿದೆ. ಒಳ್ಳೆ ಮಗನ ಕೆಲಸ ಮುಗೀತು.

ಮೂರು ವಾರ ಆದಮೇಲೆ ಒಂದು ಬೆಳಗ್ಗೆ ಅಮ್ಮ ನಾಲ್ಕು ಕಿಲೋಮೀಟರ್ ವೇಗದಲ್ಲಿ ನಡೀತಿದ್ದಳು. ಅಡುಗೆಮನೆಯಲ್ಲಿ ಕುಕ್ಕರ್ ಮೂರನೇ ಸೀಟಿ ಹಾಕಿತು. ಮೂರನೇ ಸೀಟಿಗೆ ಒಲೆ ಆರಿಸೋದು ಅವಳಿಗೆ ನಲವತ್ತು ವರ್ಷದ ಅಭ್ಯಾಸ. ಯೋಚನೆ ಮಾಡದೆ ಪಕ್ಕಕ್ಕೆ ಇಳಿಯೋಕೆ ಹೋದಳು. ಒಂದು ಕಾಲು ಪಕ್ಕದ ಪಟ್ಟಿ ಮೇಲೆ ನಿಂತಿತು, ಇನ್ನೊಂದನ್ನು ಬೆಲ್ಟ್ ಎಳ್ಕೊಂಡು ಹೋಯಿತು. ಬಿದ್ದವಳನ್ನು ಬೆಲ್ಟ್ ಹಿಂದಕ್ಕೆ ತಳ್ಳಿ ಗೋಡೆಗೆ ಒತ್ತಿ ಹಿಡಿಯಿತು. ಸ್ನಾನಕ್ಕೆ ಹೋಗಿದ್ದ ಅಪ್ಪ ಓಡಿಬಂದು ಸ್ವಿಚ್ ಆರಿಸೋವರೆಗೂ ಬೆಲ್ಟ್ ಅವಳ ಕೈ ಕೆಳಗೆ ತಿರುಗ್ತಾನೇ ಇತ್ತು. ಅಂಗೈ ಚರ್ಮ ಸುಲಿದು ಹೋಗಿತ್ತು. ಮಣಿಕಟ್ಟಿನ ಮೂಳೆ ಮುರಿದು ಆರು ವಾರ ಪ್ಲಾಸ್ಟರ್. ಫೋನಿನಲ್ಲಿ ಅವಳು ಹೇಳಿದ್ದು: "ನನ್ನದೇ ತಪ್ಪು ಕಣೋ, ನನಗೆ ಬ್ಯಾಲೆನ್ಸ್ ಇಲ್ಲ."

ಅಲ್ಲ. ಅವಳ ತಪ್ಪಲ್ಲ. ಈ ಬರಹ ಇರೋದೇ ಅದನ್ನು ಹೇಳೋಕೆ.

ಲೆಕ್ಕ ಹಾಕಿ. ಗಂಟೆಗೆ ನಾಲ್ಕು ಕಿಲೋಮೀಟರ್ ಅಂದರೆ ಸೆಕೆಂಡಿಗೆ 1.1 ಮೀಟರ್. ನಮ್ಮ ಮನೆಯ ಮಷಿನ್ನಿನ ಬೆಲ್ಟಿನ ಉದ್ದ 1.2 ಮೀಟರ್. ಅಂದರೆ ಕಾಲು ತಪ್ಪಿದ ಸುಮಾರು ಒಂದು ಸೆಕೆಂಡಿನಲ್ಲಿ ಮನುಷ್ಯ ಮಷಿನ್ನಿನ ಹಿಂದಿನ ತುದಿಯಲ್ಲಿರುತ್ತಾನೆ. ಅಲ್ಲಿ ಖಾಲಿ ಜಾಗ ಇದ್ದರೆ ನೆಲದ ಮೇಲೆ ಬೀಳ್ತಾನೆ, ಬಹಳ ಸಲ ತರಚು ಗಾಯಕ್ಕೆ ಮುಗಿಯುತ್ತೆ. ಗೋಡೆ ಇದ್ದರೆ ಬೆಲ್ಟಿಗೂ ಗೋಡೆಗೂ ನಡುವೆ ಸಿಕ್ಕಿಹಾಕ್ಕೋತಾನೆ. ಅದಕ್ಕೇ ಹಿಂದೆ ಎರಡು ಮೀಟರ್, ಅಕ್ಕಪಕ್ಕ ಅರ್ಧ ಮೀಟರ್ ಜಾಗ ಬಿಡಿ ಅಂತ ಮ್ಯಾನ್ಯುಯಲ್‌ಗಳು ಹೇಳೋದು. ನಮ್ಮ ಮ್ಯಾನ್ಯುಯಲ್‌ನಲ್ಲೂ ಇತ್ತು. ನಾನು ಓದಲಿಲ್ಲ. ಬೋಲ್ಟಿನ ಚಿತ್ರ ಇದ್ದ ಎರಡು ಪುಟ ನೋಡಿ ಮಡಚಿಟ್ಟೆ. ಟಿವಿ ಕಾಣಬೇಕು ಅನ್ನೋದು ನನಗೆ ಅಮ್ಮನ ಕೈಗಿಂತ ದೊಡ್ಡದಾಗಿತ್ತು.

ಹಾಗಿದ್ದರೆ ಕೊಳ್ಳುವಾಗ ನಾವು ಯೋಚಿಸೋದು ಏನನ್ನ? ಎಚ್‌ಪಿ! ಈ ಎಚ್‌ಪಿ ಕಥೆಯನ್ನೂ ಒಮ್ಮೆ ಬಿಚ್ಚಿ ನೋಡೋಣ. ಒಂದು ಎಚ್‌ಪಿ ಅಂದರೆ 746 ವ್ಯಾಟ್. ನಾಲ್ಕು ಎಚ್‌ಪಿ ಅಂದರೆ ಹತ್ತಿರ ಹತ್ತಿರ 3,000 ವ್ಯಾಟ್. ಮನೆಯ ಮಾಮೂಲಿ 6 ಆಂಪ್ ಪ್ಲಗ್ಗು 230 ವೋಲ್ಟಿನಲ್ಲಿ ಕೊಡಬಹುದಾದದ್ದು 1,380 ವ್ಯಾಟ್, ಅಂದರೆ ಎರಡು ಎಚ್‌ಪಿಯೂ ಇಲ್ಲ. ಗೀಸರ್ ಹಾಕೋ 16 ಆಂಪ್ ಪ್ಲಗ್ಗಿನಿಂದ ಬರೋದೇ 3,680 ವ್ಯಾಟ್, ಐದು ಎಚ್‌ಪಿಗೂ ಕಡಿಮೆ. ಹಾಗಾದರೆ ಸಣ್ಣ ಪ್ಲಗ್ಗಿನ ಮಷಿನ್ ಮೇಲೆ ನಾಲ್ಕು, ಐದು ಅಂತ ದಪ್ಪಕ್ಷರದಲ್ಲಿ ಬರೆದಿರೋದು ಏನು? ಅದು ಪೀಕ್, ಮೋಟರ್ ಒಂದು ಕ್ಷಣ ಮುಟ್ಟೋ ತುದಿಯ ಲೆಕ್ಕ. ನಿಮ್ಮಪ್ಪ ಅರ್ಧ ಗಂಟೆ ನಡೆಯುವಾಗ ಕೆಲಸಕ್ಕೆ ಬರೋದು ಸತತವಾಗಿ ಸಿಗೋ ಶಕ್ತಿ. ಅದನ್ನು ಹುಡುಕಬೇಕಾದರೆ ಕಣ್ಣಿಗೆ ಭೂತಗನ್ನಡಿ ಬೇಕು. ನಡಿಗೆಗಂತೂ ಈ ಪೈಪೋಟಿಯೇ ಬೇಕಿಲ್ಲ. ವೇಗ ಹೆಚ್ಚಿಸೋ ಅಂಕಿ ಡಬ್ಬದ ಮುಂದೆ, ನಿಲ್ಲಿಸೋ ವಿಷಯ ಮ್ಯಾನ್ಯುಯಲ್ಲಿನ ಒಳಗೆಲ್ಲೋ. ಮಾರೋರು ಹೀಗೆ ಬರೀತಾರೆ, ಯಾಕಂದ್ರೆ ಕೊಳ್ಳೋ ನಾವು ಅದನ್ನೇ ಕೇಳ್ತೀವಿ.

ಈಗ ಆ ಕೀ ವಿಷಯ. ಟ್ರೆಡ್‌ಮಿಲ್ ಜೊತೆ ಒಂದು ದಾರ ಬರುತ್ತೆ. ಒಂದು ತುದಿಯಲ್ಲಿ ಕೆಂಪು ಕೀ, ಬಹಳ ಮಷಿನ್‌ಗಳಲ್ಲಿ ಅದೊಂದು ಅಯಸ್ಕಾಂತದ ಬಿಲ್ಲೆ. ಇನ್ನೊಂದು ತುದಿಯಲ್ಲಿ ಬಟ್ಟೆ ಒಣಹಾಕೋ ಕ್ಲಿಪ್ಪಿನಂಥದ್ದು. ಕ್ಲಿಪ್ ನಿಮ್ಮ ಬಟ್ಟೆಗೆ, ಕೀ ಮಷಿನ್ನಿಗೆ. ನೀವು ಹಿಂದಕ್ಕೆ ಜಾರಿದರೆ ದಾರ ಎಳೆದು ಕೀ ಕಿತ್ತು ಬರುತ್ತೆ, ಮೋಟರ್ ನಿಲ್ಲುತ್ತೆ. ಇಷ್ಟು ಸರಳ, ಇಷ್ಟು ಅಗ್ಗ. ಆದರೆ ಬಹಳ ಮನೆಗಳಲ್ಲಿ ಆಗೋದೇನು? ಕೀ ಇಲ್ಲದೆ ಮಷಿನ್ ಶುರುವಾಗಲ್ಲ ಅಂತ ಅದನ್ನು ಅಲ್ಲೇ ಅಂಟಿಸಿ ಬಿಟ್ಟಿರ್ತಾರೆ. ಕ್ಲಿಪ್ಪು ಗಾಳಿಗೆ ನೇತಾಡ್ತಾ ಇರುತ್ತೆ. ನಮ್ಮನೇಲೂ ಹಾಗೇ ಇತ್ತು.

ಹಾಗೆ ಬಿಡೋದರಲ್ಲಿ ಎರಡು ಅಪಾಯ. ನಡೆಯೋರಿಗೆ ರಕ್ಷಣೆ ಇಲ್ಲ ಅನ್ನೋದು ಒಂದು. ಮನೆಗೆ ಬಂದ ಯಾವ ಮಗು ಬೇಕಾದರೂ ಬಟನ್ ಒತ್ತಿ ಮಷಿನ್ ಓಡಿಸಬಹುದು ಅನ್ನೋದು ಇನ್ನೊಂದು. 2009ರಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಬಾಕ್ಸರ್ ಮೈಕ್ ಟೈಸನ್ನನ ನಾಲ್ಕು ವರ್ಷದ ಮಗಳು ಸತ್ತದ್ದು ಮನೆಯ ಟ್ರೆಡ್‌ಮಿಲ್‌ನಿಂದ ನೇತಾಡುತ್ತಿದ್ದ ತಂತಿಗೆ ಕೊರಳು ಸಿಕ್ಕಿ. 2021ರಲ್ಲಿ ಪೆಲೊಟಾನ್ ಕಂಪನಿಯ ಒಂದು ಮಾಡೆಲ್ಲಿನ ಹಿಂಭಾಗಕ್ಕೆ ಮಕ್ಕಳು ಎಳೆದುಕೊಂಡು ಹೋದ ದೂರುಗಳು ಬಂದವು, ಒಂದು ಮಗು ಸತ್ತಿತು. ಅಲ್ಲಿನ ಸರ್ಕಾರದ ಸುರಕ್ಷತಾ ಆಯೋಗ ಎಚ್ಚರಿಸಿದಾಗ ಕಂಪನಿ ಮೊದಲು ಅದನ್ನು ದಾರಿ ತಪ್ಪಿಸೋ ಮಾತು ಅಂದಿತು. ಒಂದು ತಿಂಗಳೊಳಗೆ ಕ್ಷಮೆ ಕೇಳಿ, ಸುಮಾರು 1,25,000 ಮಷಿನ್‌ಗಳನ್ನು ವಾಪಸ್ ಕರೆಯಿತು. ಅಷ್ಟು ದೊಡ್ಡ ಕಂಪನಿಯೇ ಮೊದಲು ತಪ್ಪು ಒಪ್ಪಲಿಲ್ಲ. ನಮ್ಮಂಥ ಮಕ್ಕಳು ಒಪ್ಪೋದು ಇನ್ನೂ ಕಷ್ಟ. "ಅಪ್ಪ ಹುಷಾರಾಗಿರಬೇಕಿತ್ತು" ಅಂದುಬಿಡೋದು ಸುಲಭ.

ಇನ್ನು ಸೀರೆ. ನಮ್ಮ ಮ್ಯಾನ್ಯುಯಲ್ ಚಿತ್ರದಲ್ಲಿರೋದು ಶಾರ್ಟ್ಸ್ ಹಾಕಿದ ಯುವಕ, ಕ್ಲಿಪ್ ಅವನ ಸೊಂಟದಲ್ಲಿ. ಅದನ್ನು ಬರೆದವರಿಗೆ ನಮ್ಮಮ್ಮ ಗೊತ್ತಿಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೆ ನಾವು ಮನೇಲಿ ಪರೀಕ್ಷೆ ಮಾಡಿ ನೋಡಿದೆವು. ಕ್ಲಿಪ್ಪನ್ನು ಸೆರಗಿಗೆ ಹಾಕಿದರೆ ಸೆರಗು ಜಾರುತ್ತೆ, ಕೀ ಅಲ್ಲೇ ಇರುತ್ತೆ! ರವಿಕೆಗೆ ಹಾಕಿದರೆ ಕಿತ್ತು ಬರುತ್ತೆ. ಆದರೂ ಸೀರೆಯ ಅಂಚು ಕಾಲಿಗೆ ಸಿಗುತ್ತೆ, ಉದ್ದ ನೈಟಿಯದ್ದೂ ಅದೇ ಕಥೆ. ಕೊನೆಗೆ ಚೂಡಿದಾರ ಗೆದ್ದಿತು, ದುಪಟ್ಟಾ ಇಲ್ಲದೆ. ಬರಿಗಾಲಿನಲ್ಲಿ ನಡೆದರೆ ಪಾದ ಉಜ್ಜಿ ಬೊಬ್ಬೆ ಬರುತ್ತೆ, ಶೂ ಬೇಕು ಅಂದೆ. "ದೇವರ ಮನೆ ಎದುರಿಗೆ ಚಪ್ಪಲಿ ಹಾಕ್ಕೊಂಡು ನಡೀಲಾ?" ಅಂದಳು. ಒಮ್ಮೆಯೂ ಹೊಸ್ತಿಲು ದಾಟದ ಹೊಸ ಶೂ ಅಂತ ಒಪ್ಪಂದವಾಯಿತು. ಈ ಮಾತುಕತೆ ಯಾವ ಆ್ಯಪಿನಲ್ಲೂ ಇಲ್ಲ. ಮನೆಯವರೇ ಕೂತು ಆಡಬೇಕು.

ಜೋಡಿಸೋ ಕೆಲಸದ ಬಗ್ಗೆಯೂ ನಮ್ಮ ಧೋರಣೆ ವಿಚಿತ್ರ. ಯಾರಾದರೂ ಬಂದು ಅರ್ಧ ಗಂಟೆಯಲ್ಲಿ ಬೋಲ್ಟ್ ಬಿಗಿದು, ಫೋಟೋ ತೆಗೆದುಕೊಂಡು, "ಸರ್, ರೇಟಿಂಗ್ ಕೊಡಿ" ಅಂದರೆ ಅದಕ್ಕೆ ಇನ್‌ಸ್ಟಲೇಷನ್ ಅಂತೀವಿ. ಅವರನ್ನು ಬೈಯಲ್ಲ, ಅವರಿಗೆ ದಿನಕ್ಕೆ ಹತ್ತು ಮನೆ ಇರಬಹುದು. ಆದರೆ ಅದು ಬರೀ ಬಿಗಿಯೋ ಕೆಲಸ. ನೀವೇ ಮಾಡೋದಾದರೆ ಮೊದಲು ಇಬ್ಬರು ಇರಿ, ಐವತ್ತು-ಅರವತ್ತು ಕಿಲೋ ಒಬ್ಬರೇ ಎತ್ತಿದರೆ ನಿಮ್ಮ ಸೊಂಟವೇ ಹೋಗುತ್ತೆ. ಡಬ್ಬವನ್ನು ಇಡೋ ಜಾಗದಲ್ಲೇ ಬಿಚ್ಚಿ. ಕಂಬದೊಳಗಿನ ವೈರು ಜೋಡಿಸುವಾಗ ಬೋಲ್ಟಿನ ಕೆಳಗೆ ಸಿಕ್ಕಿ ನಜ್ಜುಗುಜ್ಜಾಗದ ಹಾಗೆ ನೋಡಿ. ಎಲ್ಲಾ ಬೋಲ್ಟ್ ಬೆರಳಲ್ಲಿ ತಿರುಗಿಸಿ ಕೂರಿಸಿದ ಮೇಲೆಯೇ ಸ್ಪ್ಯಾನರ್ ಹಿಡೀರಿ. ಒಂದು ಕಡೆ ಮೊದಲೇ ಬಿಗಿದರೆ ಇನ್ನೊಂದು ಕಡೆಯ ತೂತು ಸೇರಲ್ಲ. ಕೆಳಗಿನ ಕಾಲು ತಿರುಗಿಸಿ ಅಲುಗಾಡದಂತೆ ಮಾಡಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ, ಅರ್ಥಿಂಗ್ ಇರೋ ಪ್ಲಗ್ಗಿಗೆ ನೇರ ಹಾಕಿ. ಮಡಚಿದಾಗ ಲಾಕ್ ಟಕ್ ಅಂತ ಕೂತಿದೆಯಾ ಅಂತ ಕೈಯಿಂದ ಎಳೆದು ನೋಡಿ, ಅದು ಜಾರಿದರೆ ಕೆಳಗಿರೋದು ಮಗುವಿನ ತಲೆ ಆಗಿರಬಹುದು. ಬೆಲ್ಟ್ ಎಡಕ್ಕೆ ಸರಿದರೆ ಹಿಂದಿನ ಎಡ ಬೋಲ್ಟನ್ನು ಕಾಲು ಸುತ್ತು ಬಿಗಿದು, ನಿಧಾನ ವೇಗದಲ್ಲಿ ಓಡಿಸಿ ನೋಡಿ. ಬಲಕ್ಕೆ ಸರಿದರೆ ಬಲದ್ದು. ಬೆಲ್ಟಿನ ಕೆಳಗೆ ಮ್ಯಾನ್ಯುಯಲ್ ಹೇಳಿದ ಸಿಲಿಕೋನ್ ಎಣ್ಣೆ ಮಾತ್ರ. ಹೊಲಿಗೆ ಮಷಿನ್ ಎಣ್ಣೆ, ಕೊಬ್ಬರಿ ಎಣ್ಣೆ ನಡೆಯಲ್ಲ.

ಇಷ್ಟೂ ಮಾಡಿದ ಮೇಲೂ ಮಷಿನ್ ಜೋಡಣೆ ಮುಗೀತು, ಅಷ್ಟೇ. ಮನುಷ್ಯರ ಜೋಡಣೆ ಆಗಬೇಕು. ಸ್ಕೂಟರ್ ಕಲಿಸುವಾಗ ಮೊದಲು ಬ್ರೇಕ್ ತೋರಿಸ್ತೀವಿ. ಇಲ್ಲಿ ಮಾತ್ರ ಸ್ಟಾರ್ಟ್ ಬಟನ್ ತೋರಿಸಿ ಬಸ್ ಹತ್ತುತ್ತೀವಿ. ನನ್ನ ವಾದ ಇಷ್ಟೇ: ನಡೆಯೋ ವ್ಯಕ್ತಿ ನಿಮ್ಮ ಕಣ್ಣೆದುರಿಗೆ ಮೂರು ಸಲ ಮಷಿನ್ ನಿಲ್ಲಿಸೋವರೆಗೂ ಇನ್‌ಸ್ಟಲೇಷನ್ ಮುಗಿದಿಲ್ಲ. ಒಂದು ಸಲ ಬಟನ್‌ನಿಂದ, ಒಂದು ಸಲ ಕೀ ಎಳೆದು, ಒಂದು ಸಲ ಕಂಬಿ ಹಿಡಿದು ಎರಡೂ ಕಾಲನ್ನು ಪಕ್ಕದ ಪಟ್ಟಿಗಳ ಮೇಲೆ ಇಟ್ಟು. ಶುರು ಮಾಡುವಾಗಲೂ ಆ ಪಟ್ಟಿಗಳ ಮೇಲೆ ನಿಂತೇ ಮಾಡಬೇಕು, ಬೆಲ್ಟ್ ಅತೀ ನಿಧಾನಕ್ಕೆ ತಿರುಗೋದನ್ನು ನೋಡಿ ಕಾಲಿಡಬೇಕು. ನಡೀತಾ ಮಾತಾಡೋಕೆ ಆಗಬೇಕು, ಏದುಸಿರು ಬಂದರೆ ವೇಗ ಜಾಸ್ತಿ ಆಯಿತು ಅಂತ. ಎದೆ ಬಿಗಿದರೆ, ತಲೆ ಸುತ್ತಿದರೆ ನಿಲ್ಲಿಸಬೇಕು. ಹತ್ತೋ ಮೊದಲು ಒಲೆ ಆರಿರಬೇಕು. ಹಾಲು, ಕುಕ್ಕರ್, ಕಾಲಿಂಗ್ ಬೆಲ್ ಜಿಮ್ಮಿನಲ್ಲಿ ಇರಲ್ಲ. ಮನೆಯ ಟ್ರೆಡ್‌ಮಿಲ್ಲಿನ ನಿಜವಾದ ಅಪಾಯ ಇವೇ.

"ಇಷ್ಟೆಲ್ಲ ರಗಳೆ ಯಾಕೆ, ಪಾರ್ಕಿಗೆ ಹೋಗಲಿ" ಅನ್ನೋರಿದ್ದಾರೆ. ಹೋಗೋಕೆ ಆಗೋರು ಖಂಡಿತ ಹೋಗಲಿ. ಪಾರ್ಕಿನಲ್ಲಿ ಮರ ಇದೆ, ಮಾತಿಗೆ ಜನ ಇದ್ದಾರೆ. ಆದರೆ ಪಾರ್ಕಿಗೆ ಹೋಗೋ ದಾರಿ ನೋಡಿದ್ದೀರಾ? ಫುಟ್‌ಪಾತಿನ ಕಲ್ಲು ಎದ್ದಿದೆ, ಬೀದಿನಾಯಿ ಇದೆ, ಮಳೆ ಬಂದರೆ ಗುಂಡಿ ಕಾಣಲ್ಲ. ಅರವತ್ತು ದಾಟಿದವರು ಅಲ್ಲೂ ಬೀಳ್ತಾರೆ. ಟ್ರೆಡ್‌ಮಿಲ್ ಶತ್ರು ಅಂತ ನಾನು ಹೇಳ್ತಿಲ್ಲ. ನಮ್ಮಮ್ಮ ಈಗಲೂ ಅದರ ಮೇಲೇ ನಡೀತಾಳೆ, ಹಿಂದೆ ಎರಡು ಮೀಟರ್ ಬಿಟ್ಟು. ಟಿವಿ ಈಗ ಓರೆಯಾಗಿ ಕಾಣುತ್ತೆ. ಸೀರಿಯಲ್ಲಿನ ಕಥೆಗೆ ಅದರಿಂದ ಏನೂ ನಷ್ಟ ಆಗಿಲ್ಲವಂತೆ.

ಉಡುಗೊರೆ ಕೊಟ್ಟು ಕೈತೊಳೆದುಕೊಳ್ಳೋ ನಮ್ಮ ಅಭ್ಯಾಸದ ಮೇಲೆ ನನಗೆ ಸಿಟ್ಟು. ಜೊತೆಗಿರೋಕೆ ಆಗಲ್ಲ ಅನ್ನೋ ಕೊರಗಿಗೆ ನಾವು ವಸ್ತು ಕಳಿಸ್ತೀವಿ. ವಸ್ತು ತಲುಪಿತು ಅಂತ ಮೆಸೇಜ್ ಬಂದರೆ ನೆಮ್ಮದಿ. ಅವರೋ, ಮಗ ದುಡ್ಡು ಕೊಟ್ಟು ಕಳಿಸಿದ್ದಾನೆ ಅಂತ ಹೆದರಿಕೆ ನುಂಗಿಕೊಂಡು ಹತ್ತುತ್ತಾರೆ. ಬಿದ್ದರೆ ನನ್ನದೇ ತಪ್ಪು ಅಂತಾರೆ. ಮೋಟರ್ ಇರೋ ವಸ್ತುವನ್ನು ಕಳಿಸೋರು ಅದರ ಜೊತೆ ಒಂದು ಇಡೀ ಭಾನುವಾರವನ್ನೂ ಕಳಿಸಬೇಕು. ಅಷ್ಟು ಸಮಯ ಇಲ್ಲದಿದ್ದರೆ ಆರ್ಡರ್ ಮಾಡಬೇಡಿ.

ಹೋದ ತಿಂಗಳು ಊಟದ ಮೇಜಿನಲ್ಲಿ ನನ್ನ ಪ್ರಶ್ನೆಗೆ ಜೋರಾಗಿ ನಕ್ಕಿದ್ದ ಗೆಳೆಯ ದಾವಣಗೆರೆಗೆ ಹೋಗಿದ್ದ. ಭಾನುವಾರ ರಾತ್ರಿ ಅವನ ಮೆಸೇಜ್ ಬಂತು: "ಅಮ್ಮ ಮೂರು ಸಲ ನಿಲ್ಲಿಸಿದ್ರು. ನಾಲ್ಕನೇ ಸಲ ನಿಲ್ಲಿಸಿ ಅಂದಿದ್ದಕ್ಕೆ ನನ್ನನ್ನೇ ಬೈದ್ರು."