ಹಳೆಯ ಕಾರೂ ದೊಡ್ಡ ಮನುಷ್ಯನೂ

ಮೊನ್ನೆ ಭಾನುವಾರ ಬೆಳಗ್ಗೆ ಗಾಂಧಿ ಬಜಾರಿನಲ್ಲಿ ಹೂವು ಕೊಂಡು ಹಿಂದಿರುಗುವಷ್ಟರಲ್ಲಿ ನನ್ನ ಕಾರಿನ ಸುತ್ತ ನಾಲ್ಕಾರು ಮಂದಿ ನೆರೆದಿದ್ದರು. ಯಾರಿಗಾದರೂ ತಾಗಿಸಿಬಿಟ್ಟೆನೋ ಏನೋ ಎಂದು ಎದೆ ಧಸಕ್ಕೆಂದಿತು. ಹತ್ತಿರ ಹೋಗಿ ನೋಡಿದರೆ ಅಂಥದೇನೂ ಇಲ್ಲ. ಒಬ್ಬ ತರುಣ ಕಾರಿನ ಮೂತಿಗೆ ಒರಗಿ ನಿಂತಿದ್ದ. ಇನ್ನೊಬ್ಬ ಮೊಬೈಲಿನಲ್ಲಿ ಅವನ ಚಿತ್ರ ತೆಗೆಯುತ್ತಿದ್ದ. ಕೀಲಿ ನನ್ನ ಕೈಯಲ್ಲಿದ್ದುದನ್ನು ಕಂಡು ಹಿರಿಯರೊಬ್ಬರು ಮುಂದೆ ಬಂದರು. “ನಿಮ್ಮದೇನು ಸ್ವಾಮಿ? ಎಂಥ ಅಭಿರುಚಿ! ಇಂಥ ಗಾಡಿ ಇಟ್ಟುಕೊಳ್ಳೋದಕ್ಕೆ ಸಂಸ್ಕಾರ ಬೇಕು,” ಎಂದರು. ನಾನು ನಕ್ಕು, ಕೈಮುಗಿದು, ಒಳಗೆ ಕುಳಿತೆ. ಮನೆ ಸೇರುವವರೆಗೂ ಆ ‘ಸಂಸ್ಕಾರ’ ಎಂಬ ಮಾತು ಹಿಂದಿನ ಸೀಟಿನಲ್ಲಿ ಕುಳಿತು ಜೊತೆಗೇ ಬಂದಂತಿತ್ತು.

ಆ ಮಾತಿನ ಮೇಲೆ ನನ್ನ ತಕರಾರಿದೆ. ಹಳೆಯ ಕಾರು ಓಡಿಸುವವನು ರಸಿಕ, ಸಹನಶೀಲ, ಹಿರಿಯರ ನೆನಪನ್ನು ಕಾಪಾಡುವವನು ಎಂಬ ನಂಬಿಕೆ ಈಚೆಗೆ ನಮ್ಮ ನಗರಗಳಲ್ಲಿ ಬೇರೂರುತ್ತಿದೆ. ಈ ನಂಬಿಕೆಯಿಂದ ಲಾಭ ಪಡೆಯುತ್ತಿರುವವರಲ್ಲಿ ನಾನೂ ಒಬ್ಬ. ಆದ್ದರಿಂದಲೇ ಇದು ಪೊಳ್ಳೆಂದು ಹೇಳುವ ಹಕ್ಕೂ ನನಗಿದೆ ಎಂದುಕೊಂಡಿದ್ದೇನೆ.

ನನ್ನದು 1974ರ ಕಾರು. ಇಟಲಿಯ ಫಿಯೆಟ್ 1100 ಎಂಬ ಕಾರನ್ನು ಮುಂಬಯಿಯ ಕುರ್ಲಾದಲ್ಲಿ ತಯಾರಿಸುತ್ತಿದ್ದ ಪ್ರೀಮಿಯರ್ ಕಂಪನಿ ಅದಕ್ಕೆ ‘ಪದ್ಮಿನಿ’ ಎಂದು ನಾಮಕರಣ ಮಾಡಿದ್ದು ಅದೇ ವರ್ಷ. ಹೆಸರು ಪದ್ಮಿನಿಯಾದರೂ ಜನ ಕರೆದದ್ದು ಫಿಯೆಟ್ಟು ಎಂದೇ. ಮೈಸೂರು ರಾಜ್ಯ ಕರ್ನಾಟಕವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಂಬರಿನ ಫಲಕದ ಮೇಲೆ ಹಳೆಯ ‘ಎಂವೈ’ ಅಕ್ಷರಗಳೇ ಉಳಿದಿವೆ. 1089 ಸಿಸಿಯ ಸಣ್ಣ ಎಂಜಿನ್ನು. ಗೇರಿನ ಹಿಡಿ ಸ್ಟೀರಿಂಗಿನ ಪಕ್ಕದಲ್ಲಿ.

ಈ ಐವತ್ತು ವರ್ಷಗಳಲ್ಲಿ ಈ ಒಂದೇ ಕಾರು ನಮ್ಮ ಮನೆಯ ಮೇಲೆ ಮೂರು ತೀರ್ಪುಗಳನ್ನು ತಂದಿದೆ. ನಮ್ಮ ತಂದೆಯವರು ಇದಕ್ಕಾಗಿ ಹೆಸರು ಬರೆಸಿ ವರ್ಷಗಟ್ಟಲೆ ಕಾದಿದ್ದರು. ಆಗ ಕೊಳ್ಳುವವನ ಮುಂದೆ ಇದ್ದುದು ಅಂಬಾಸಿಡರು, ಫಿಯೆಟ್ಟು, ಮದರಾಸಿನ ಸ್ಟ್ಯಾಂಡರ್ಡು, ಇಷ್ಟೇ. ಸರದಿ ಬರುವ ಹೊತ್ತಿಗೆ 1973ರ ಅರಬ್–ಇಸ್ರೇಲ್ ಯುದ್ಧದ ಪರಿಣಾಮವಾಗಿ ಪೆಟ್ರೋಲಿನ ಬೆಲೆ ಆಕಾಶಕ್ಕೇರಿತ್ತು. ಆ ನವೆಂಬರಿನಲ್ಲಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಪಾರ್ಲಿಮೆಂಟಿಗೆ ಹೋಗಿ ಪ್ರತಿಭಟಿಸಿದ್ದನ್ನು ಹಿರಿಯ ಓದುಗರು ಮರೆತಿರಲಾರರು. ಅಂಥ ದಿನಗಳಲ್ಲಿ ಸಾಲ ಮಾಡಿ ಕಾರು ತಂದ ನಮ್ಮ ತಂದೆಯವರ ಬಗ್ಗೆ ಬೀದಿ ಕೊಟ್ಟ ತೀರ್ಪು: “ದುಡ್ಡಿನ ಮದ.”

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಮುಂದಿನ ಹತ್ತು ವರ್ಷಗಳಲ್ಲಿ ನಮ್ಮ ಬೀದಿಯ ಮನೆಮನೆಯ ಮುಂದೆಯೂ ಒಂದೊಂದು ಮಾರುತಿ ನಿಂತಿತು. ನಮ್ಮ ಮನೆಯ ಮುಂದೆ ಮಾತ್ರ ಫಿಯೆಟ್ಟು. ಮದುವೆಯ ಛತ್ರಕ್ಕೆ ಹೋದರೆ ಕಾವಲುಗಾರ ಅದನ್ನು ಹಿಂದುಗಡೆ, ಪಾತ್ರೆ ತೊಳೆಯುವ ಕಡೆ ನಿಲ್ಲಿಸಲು ಹೇಳುತ್ತಿದ್ದ. “ಇನ್ನೂ ಅದೇ ಡಬ್ಬಾನೇನೋ?” ಎಂದು ಸೋದರಮಾವ ಕೇಳುತ್ತಿದ್ದರು. ಎರಡನೆಯ ತೀರ್ಪು: “ಜಿಪುಣರು.”

ಈಗ ಮೂರನೆಯದು: “ಸಂಸ್ಕಾರವಂತರು.”

ಕಾರು ಅದೇ. ಹಿಂಬಾಗಿಲ ಮೇಲಿನ ತಗ್ಗೂ ಅದೇ. 1981ರಲ್ಲಿ ಓಡಿಸಲು ಕಲಿಯುವಾಗ ನಾನೇ ಗೇಟಿಗೆ ತಾಗಿಸಿ ಮಾಡಿದ್ದು. ಮನೆಯವರೂ ನಾವೇ. ಮದವೂ ಜಿಪುಣತನವೂ ಸಂಸ್ಕಾರವೂ ಈ ತಗಡಿನೊಳಗೆ ಇದ್ದುವೇ? ಇರಲಿಲ್ಲ. ರಸ್ತೆಯಲ್ಲಿ ಬೇರೆ ಯಾವ ಕಾರುಗಳಿದ್ದುವು ಎಂಬುದರ ಮೇಲೆ ನಮ್ಮ ಗುಣ ನಿಶ್ಚಯವಾಯಿತು, ಅಷ್ಟೆ. ಕಾರು ಅಪರೂಪವಾಗಿದ್ದಾಗ ನಾವು ಮದಾಂಧರು, ಸಾಮಾನ್ಯವಾದಾಗ ಜಿಪುಣರು, ಅದರ ಜೊತೆಯ ಕಾರುಗಳೆಲ್ಲ ಗುಜರಿಗೆ ಹೋದ ಮೇಲೆ ರಸಿಕರು!

“ಇರಬಹುದು, ಆದರೂ ಹಳೆಯದನ್ನು ಕಾಪಾಡಿಕೊಂಡು ಬಂದಿದ್ದೀರಲ್ಲ, ಅದು ಗುಣವಲ್ಲವೇ?” ಎಂದು ವಾಚಕರು ಕೇಳಬಹುದು. ಒಂದೊಂದನ್ನಾಗಿ ಪರಿಶೀಲಿಸೋಣ.

ಮೊದಲನೆಯದು ಪಿತೃಭಕ್ತಿ. ತಂದೆಯ ಕಾರನ್ನು ಮಗ ಮಾರಲಿಲ್ಲ ಎಂದು ನನ್ನನ್ನು ಹೊಗಳುವವರಿಗೆ ಒಂದು ಗುಟ್ಟು ಹೇಳುತ್ತೇನೆ. ಮಾರಲು ಹೊರಟವರು ನಮ್ಮ ತಂದೆಯವರೇ. 1986ರಲ್ಲಿ ಇಬ್ಬರು ದಲ್ಲಾಳಿಗಳನ್ನು ಕರೆಸಿದರು. ಒಬ್ಬ ಬಾನೆಟ್ ಎತ್ತಿ ನೋಡಿ ಮಾತಿಲ್ಲದೆ ಇಳಿಸಿದ. ಇನ್ನೊಬ್ಬ ಹೇಳಿದ ಬೆಲೆ ಕೇಳಿ ನಮ್ಮ ತಾಯಿಯವರು, “ಅಷ್ಟಕ್ಕೆ ಕೊಡೋದಾದರೆ ಕೋಳಿ ಗೂಡು ಮಾಡಿಕೊಳ್ಳೋಣ,” ಎಂದರು. ಕೊಳ್ಳುವವರು ಸಿಕ್ಕದೆ ಕಾರು ಉಳಿಯಿತು. ಕೊಳ್ಳುವವನೊಬ್ಬ ಸಿಕ್ಕಿದ್ದರೆ ನನ್ನ ಪಿತೃಭಕ್ತಿ ಆಗಲೇ ಮಾರಾಟವಾಗಿಹೋಗುತ್ತಿತ್ತು.

ಎರಡನೆಯದು ಸಹನೆ. ಹಳೆಯ ಕಾರು ಮನುಷ್ಯನಿಗೆ ತಾಳ್ಮೆ ಕಲಿಸುತ್ತದಂತೆ. ಮಿನರ್ವ ವೃತ್ತದ ಬಳಿ ಬಿಸಿಯೇರಿ ನಿಂತ ಕಾರಿನೊಳಗೆ ನಾನು ಕುಳಿತಿರುವುದು ತಾಳ್ಮೆಯಿಂದಲ್ಲ, ಬೇರೆ ದಾರಿಯಿಲ್ಲದುದರಿಂದ. ಅಲ್ಲಿ ತಾಳ್ಮೆ ಯಾರಿಗಾದರೂ ಇದ್ದರೆ ಅದು ಹಿಂದೆ ಬಸ್ಸಿನಲ್ಲಿ ನಿಂತು ಬೆವರುತ್ತಿರುವ ಐವತ್ತು ಜನರಿಗೆ. ಅವರ ಸಂಸ್ಕಾರವನ್ನು ಯಾರೂ ಕೊಂಡಾಡಲಿಲ್ಲ.

ಮೂರನೆಯದು ಮಿತವ್ಯಯ: ಇರುವುದನ್ನೇ ಬಳಸಿದರೆ ಹೊಸದು ಬೇಡ, ಭೂಮಿಗೂ ಒಳ್ಳೆಯದು ಎಂಬ ವಾದ. ಈ ಮಾತಿನಲ್ಲಿ ಒಂದು ಪಾಲು ಸತ್ಯವುಂಟು. ಹೊಸ ಕಾರು ತಯಾರಿಸಲು ಉಕ್ಕು, ವಿದ್ಯುತ್ತು, ನೀರು ಎಲ್ಲವೂ ಬೇಕು. ಆದರೆ ಹೊಸದು ಬೇಡ ಎಂದವನು ಯಾರು? ನನ್ನ ಮನೆಯಲ್ಲಿ ಹೊಸ ಕಾರೂ ಇದೆ. ಮಳೆ ಬಂದರೆ, ಆಸ್ಪತ್ರೆಗೆ ಹೋಗಬೇಕಾದರೆ, ಮೊಮ್ಮಗುವನ್ನು ಕೂಡಿಸಿಕೊಂಡು ಹೋಗಬೇಕಾದರೆ ನಾನು ತೆಗೆಯುವುದು ಅದನ್ನೇ. ಹಳೆಯ ಕಾರಿನಲ್ಲಿ ಸೀಟು ಬೆಲ್ಟಿಲ್ಲ. ನಾಲ್ಕು ಚಕ್ರಕ್ಕೂ ಹಳೆಯ ಡ್ರಂ ಬ್ರೇಕು. ಇನ್ನು ಹೊಗೆ. ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ನಮ್ಮ ದೇಶದ ನಾಲ್ಕು ಮಹಾನಗರಗಳಲ್ಲಿ ಹೊಸ ಕಾರುಗಳಿಗೆ ಕಡ್ಡಾಯ ಮಾಡಿದ್ದು 1995ರಲ್ಲಿ. 2020ರ ಏಪ್ರಿಲಿನಿಂದ ಬಿಎಸ್ 6 ನಿಯಮ ಬಂದು ಹೊಸ ಕಾರುಗಳ ಹೊಗೆಯ ಮೇಲೆ ಇನ್ನೂ ಬಿಗಿಯಾಯಿತು. ನನ್ನ 1974ರ ಎಂಜಿನ್ನು ಇವು ಯಾವುದನ್ನೂ ಕಂಡದ್ದಲ್ಲ. ಹಿಂದೆ ಸ್ಕೂಟರಿನಲ್ಲಿ ಬರುವವನ ಮೂಗಿಗೆ ನನ್ನ ಅಭಿರುಚಿಯ ವಾಸನೆ ಚೆನ್ನಾಗಿಯೇ ತಿಳಿಯುತ್ತದೆ.

ನಾಲ್ಕನೆಯದು, ಕೊನೆಯದು: “ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ!” ನನಗೆ ನಿಜವಾಗಿ ನಾಚಿಕೆಯಾಗುವುದು ಇಲ್ಲಿ. ಇಟ್ಟುಕೊಂಡಿರುವವನು ನಾನಲ್ಲ. ಪೇಟೆಯ ಗಲ್ಲಿಯೊಂದರಲ್ಲಿ ಎಪ್ಪತ್ತು ದಾಟಿದ ಒಬ್ಬ ಮೇಸ್ತ್ರಿ ಇದ್ದಾರೆ. 2000ದಲ್ಲಿ ಸೀಸ ಬೆರೆಸಿದ ಪೆಟ್ರೋಲು ನಿಂತಾಗ ವಾಲ್ವುಗಳಿಗೆ ಪೆಟ್ಟು ಬೀಳಬಹುದೆಂದು ಮೊದಲೇ ಎಚ್ಚರಿಸಿ ಸರಿಮಾಡಿಕೊಟ್ಟವರು ಅವರು. ಈಗ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸತೊಡಗಿದ ಮೇಲೆ ಹಳೆಯ ರಬ್ಬರು ಕೊಳವೆಗಳು ಮೆತ್ತಗಾಗುತ್ತವೆಂದು ಎಲ್ಲವನ್ನೂ ಬದಲಾಯಿಸಿದವರೂ ಅವರೇ. ಜೆ.ಸಿ. ರಸ್ತೆಯಲ್ಲಿ ಸಿಕ್ಕದ ಭಾಗವನ್ನು ಲೇತಿನಲ್ಲಿ ಕಡೆಸಿ ತರುತ್ತಾರೆ. ಕಾರ್ಬುರೇಟರಿನ ತಿರುಪನ್ನು ಕಿವಿಗೊಟ್ಟು ಕೇಳಿಯೇ ಹದಕ್ಕೆ ತರುತ್ತಾರೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬಂತೆ, ಅವರ ಕೈಯ ಕೆಲಸಕ್ಕೆ ಗಾಂಧಿ ಬಜಾರಿನಲ್ಲಿ ಕೈಮುಗಿಸಿಕೊಳ್ಳುವವನು ನಾನು.

ಈ ಮೇಸ್ತ್ರಿಯವರಿಗೂ ಒಂದು ಹಳೆಯ ಗಾಡಿಯಿದೆ. ಇಪ್ಪತ್ತೈದು ವರ್ಷ ಮೀರಿದ ಒಂದು ಮೊಪೆಡ್ಡು. ಅದರ ಸೀಟಿಗೆ ಗೋಣಿಯ ತುಂಡು ಕಟ್ಟಿದೆ. ಅದನ್ನೂ ಅವರೇ ಬಿಚ್ಚಿ ಕಟ್ಟಿ ಓಡಿಸುತ್ತಿದ್ದಾರೆ. ನನ್ನ ಕಾರನ್ನು ಇಂದಿನವರೆಗೂ ನಡೆಸಿದ ಜಾಣ್ಮೆಯೇ ಅದನ್ನೂ ನಡೆಸುತ್ತಿದೆ. ಆದರೆ ಅದನ್ನು ಒರಗಿ ನಿಂತು ಯಾರೂ ಚಿತ್ರ ತೆಗೆಸಿಕೊಂಡದ್ದನ್ನು ನಾನು ನೋಡಿಲ್ಲ. “ಎಂಥ ಅಭಿರುಚಿ ಮೇಸ್ತ್ರಿ ನಿಮ್ಮದು!” ಎಂದು ಯಾರೂ ಅವರಿಗೆ ಹೇಳಿಲ್ಲ. ಅವರ ಹಳೆಯ ಗಾಡಿ ಬಡತನ. ನನ್ನ ಹಳೆಯ ಗಾಡಿ ಸಂಸ್ಕಾರ. ಹೊಸದನ್ನು ಕೊಳ್ಳುವ ಶಕ್ತಿಯಿದ್ದೂ ಹಳೆಯದನ್ನು ಓಡಿಸಿದರೆ ಮಾತ್ರ ಅದು ಗುಣವೆನಿಸುತ್ತದೆ. ಅಂದಮೇಲೆ ನಾವು ಹೊಗಳುತ್ತಿರುವುದು ಹಳೆಯ ಕಾರನ್ನಲ್ಲ, ಮನೆಯಲ್ಲಿ ನಿಂತಿರುವ ಹೊಸ ಕಾರನ್ನು.

ಇದು ಬೀದಿಯ ಮಾತಷ್ಟೇ ಆಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಕಾನೂನಿನಲ್ಲಿಯೂ ಇದೇ ಕಣ್ಣು ಕಾಣುತ್ತದೆ. ಮುಂಬಯಿಯಲ್ಲಿ ಕಪ್ಪು ಹಳದಿ ಬಣ್ಣದ ಪದ್ಮಿನಿ ಟ್ಯಾಕ್ಸಿಗಳು ದಶಕಗಳ ಕಾಲ ಓಡಿದುವು. ಕೊನೆಯ ಪದ್ಮಿನಿ ಟ್ಯಾಕ್ಸಿ ಅಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಅಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ. ಆದಕಾರಣ 2023ರ ಅಕ್ಟೋಬರ್ ಮುಗಿಯುವಾಗ ಅದೂ ರಸ್ತೆಯಿಂದ ಸರಿಯಿತು. ಇತ್ತ 2021ರಲ್ಲಿ ಕೇಂದ್ರ ಸರ್ಕಾರ ಬೇರೊಂದು ನಿಯಮ ತಂದಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿ, ಮೂಲ ರೂಪ ಕೆಡದ ಖಾಸಗಿ ಕಾರು ‘ವಿಂಟೇಜ್’ ಎನಿಸಿಕೊಳ್ಳಬಹುದು. ಅದಕ್ಕೆ ‘ವಿಎ’ ಎಂಬ ಅಕ್ಷರಗಳಿರುವ ವಿಶೇಷ ನಂಬರು. ಒಂದೇ ಕಾರ್ಖಾನೆಯ ಒಂದೇ ಕಾರು: ಟ್ಯಾಕ್ಸಿಯವನ ಕೈಯಲ್ಲಿ ಇಪ್ಪತ್ತಕ್ಕೆ ಗುಜರಿ, ನನ್ನ ಕೈಯಲ್ಲಿ ಐವತ್ತಕ್ಕೆ ಪರಂಪರೆ.

ಅನ್ಯಾಯವಾಗಿ ಮಾತನಾಡಬಾರದು. ಟ್ಯಾಕ್ಸಿ ದಿನವಿಡೀ ಓಡುತ್ತದೆ, ನನ್ನದು ವಾರಕ್ಕೊಮ್ಮೆ. ಟ್ಯಾಕ್ಸಿಯ ಹೊಗೆಯೂ ಹೆಚ್ಚು, ಸವೆತವೂ ಹೆಚ್ಚು. ಮಿತಿ ಇರುವುದು ಸರಿ. ಆದರೆ ಇದರಿಂದ ಏನು ಸಿದ್ಧವಾಯಿತು? ನನ್ನ ಕಾರು ಉಳಿದದ್ದು ನಾನು ಅದರಿಂದ ಅನ್ನ ದುಡಿಯಬೇಕಾಗಿಲ್ಲದ ಕಾರಣ. ಮಾಡಬೇಕಾದ ಕೆಲಸವಿಲ್ಲದ್ದನ್ನು ಅದೃಷ್ಟವೆನ್ನಬಹುದು, ಗುಣವೆಂದು ಹೇಗೆ ಹೇಳುವುದು?

ನನ್ನ ಕಾರಿಗೆ ಐವತ್ತು ತುಂಬಿದಾಗಿನಿಂದ ಸ್ನೇಹಿತರೊಬ್ಬರು ಆ ‘ವಿಎ’ ನಂಬರು ಮಾಡಿಸಿಕೊಳ್ಳಿರೆಂದು ಬೆನ್ನು ಹತ್ತಿದ್ದಾರೆ. ಹೊಸದಾಗಿ ನೋಂದಣಿ ಮಾಡಿಸಲು ಇಪ್ಪತ್ತು ಸಾವಿರ ರೂಪಾಯಿ. ಹಣ ದೊಡ್ಡದಲ್ಲ. ಆ ನಿಯಮದಲ್ಲಿ ಇನ್ನೊಂದು ಮಾತಿದೆ: ವಿಂಟೇಜ್ ಎನಿಸಿಕೊಂಡ ಕಾರನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲು ಹಾಕಿಸಲು, ರಿಪೇರಿಗೆ ಒಯ್ಯಬಹುದು. ಅಂದರೆ ಜನ ನೋಡುವುದಕ್ಕೆ ಓಡಿಸಬಹುದು. ಹೂವು ತರಲು ಓಡಿಸುವಂತಿಲ್ಲ. ಮೇಸ್ತ್ರಿಯವರಿಗೆ ಇದನ್ನು ಹೇಳಿದೆ. ಕೈ ಒರೆಸಿಕೊಳ್ಳುತ್ತ, “ಓಡಿಸೋ ಹಾಗಿಲ್ಲ ಅಂದರೆ ನನಗ್ಯಾಕೆ ತೋರಿಸ್ತೀರಿ ಸ್ವಾಮಿ? ಬಣ್ಣ ಬಳಿಯೋರಿಗೆ ತೋರಿಸಿ,” ಎಂದರು. ಸ್ವಲ್ಪ ಹೊತ್ತಿನ ಮೇಲೆ ತಮಗೆ ತಾವೇ ಎಂಬಂತೆ, “ಹೇಗೂ ನನ್ನ ಕಣ್ಣು ಕಾಣೋ ತನಕ,” ಎಂದರು. ಅವರ ಮಗ ಮೊಬೈಲ್ ರಿಪೇರಿಯ ಅಂಗಡಿಯಿಟ್ಟಿದ್ದಾನೆ. ಹತ್ತು ವರ್ಷಗಳಿಂದ ಅವರ ಬಳಿ ಕೆಲಸ ಕಲಿಯಲು ಒಬ್ಬ ಹುಡುಗನೂ ಬಂದಿಲ್ಲ.

ನಮ್ಮ ಹಳೆಯ ಕಾರುಗಳ ಬಗ್ಗೆ ಚಿಂತಿಸಬೇಕಾದ ವಿಷಯ ಇದು. ಕಾರುಗಳು ಸಾಕಷ್ಟು ಉಳಿದಿವೆ. ಧರ್ಮಸ್ಥಳದ ಸಂಗ್ರಹಾಲಯಕ್ಕೆ ಹೋದರೆ ಸಾಲುಸಾಲಾಗಿ ನೋಡಬಹುದು. ಅವನ್ನು ಓಡಿಸುವ ಕೈಗಳು ಉಳಿಯುತ್ತಿಲ್ಲ. ಆ ಕೈಗಳಿಗೆ ಸಲ್ಲಬೇಕಾದ ಗೌರವವನ್ನು ನಮ್ಮಂಥ ಮಾಲೀಕರು ಸೀಟಿನ ಮೇಲೆ ಕುಳಿತೇ ಸ್ವೀಕರಿಸಿಬಿಡುತ್ತಿದ್ದೇವೆ. ಗಂಟೆಗೆ ಇಷ್ಟು ಎಂದು ಲೆಕ್ಕ ಹಾಕಿ ವಕೀಲರಿಗೆ ಕೊಡುವ ನಾವು, ಅರ್ಧ ದಿನ ಕಾರಿನ ಕೆಳಗೆ ಮಲಗಿದ್ದವರು ಕೇಳಿದ ಕೂಲಿಯಲ್ಲಿ ನೂರು ರೂಪಾಯಿ ಚೌಕಾಸಿ ಮಾಡುತ್ತೇವೆ. ನಾನೂ ಮಾಡಿದ್ದೇನೆ. ಹುಡುಗರು ಕಲಿಯಲು ಬಾರದಿರುವುದರಲ್ಲಿ ಆಶ್ಚರ್ಯವೇನು?

ನಾನು ಕಾರನ್ನು ಮಾರುವುದಿಲ್ಲ. ‘ವಿಎ’ ನಂಬರನ್ನೂ ಮಾಡಿಸುವುದಿಲ್ಲ. ಹೊಗೆ ಪರೀಕ್ಷೆ ಮಾಡಿಸಿಕೊಂಡು, ಕಡಮೆ ಓಡಿಸಿಕೊಂಡು, ಅದು ನನಗೆ ಇಷ್ಟವೆಂಬ ಒಂದೇ ಕಾರಣಕ್ಕೆ ಇಟ್ಟುಕೊಳ್ಳುತ್ತೇನೆ. ಇಷ್ಟಕ್ಕೆ ಬೇರೆ ಸಮರ್ಥನೆ ಬೇಕಾಗಿಲ್ಲ; ಪದವಿಯೂ ಬೇಡ. ಮೇಸ್ತ್ರಿಯವರ ಬಳಿ ಒಬ್ಬ ಹುಡುಗ ಕೆಲಸ ಕಲಿಯಲು ನಿಂತರೆ ಒಂದು ವರ್ಷ ಅವನ ಸಂಬಳ ನನ್ನದು ಎಂದು ಅವರಿಗೆ ಹೇಳಿ ಬಂದಿದ್ದೇನೆ. ಆ ಇಪ್ಪತ್ತು ಸಾವಿರ ಅದಕ್ಕೆ ಸಾಲದು, ಇನ್ನಷ್ಟು ಸೇರಿಸಬೇಕು. ಹಳೆಯ ಕಾರಿಟ್ಟುಕೊಂಡಿರುವ ಇತರರೂ ತಮ್ಮ ತಮ್ಮ ಮೇಸ್ತ್ರಿಗಳ ಬಳಿ ಇಷ್ಟು ಮಾಡಬಾರದೇಕೆ?

ಗಾಂಧಿ ಬಜಾರಿನ ಆ ಹಿರಿಯರು ಮತ್ತೆ ಸಿಕ್ಕರೆ ಈ ಸಲ ಕೈಮುಗಿದು ಸುಮ್ಮನೆ ಬರುವುದಿಲ್ಲ. ಮೇಸ್ತ್ರಿಯ ಅಂಗಡಿಯ ದಾರಿ ಹೇಳಿ, “ನೀವು ಹೇಳಿದ ಸಂಸ್ಕಾರ ಅಲ್ಲಿದೆ ಸ್ವಾಮಿ, ಹೋಗಿ ನೋಡಿ ಬನ್ನಿ. ಬಾಗಿಲಲ್ಲಿ ಗೋಣಿ ಕಟ್ಟಿದ ಮೊಪೆಡ್ಡು ನಿಂತಿರುತ್ತದೆ,” ಎನ್ನುತ್ತೇನೆ.