ಅಬ್ಬಾನ ಶೇವಿಂಗ್ ಸೋಪು

ನರಗುಂದದ ಒಬ್ಬ ಸಹೋದರಿ ಹೀಗೆ ಕೇಳಿದ್ದಾರೆ: "ಮಾವನವರಿಗೆ ಲಕ್ವಾ ಹೊಡೆದ ಮೇಲೆ ನನ್ನ ಯಜಮಾನರೇ ಅವರಿಗೆ ಶೇವ್ ಮಾಡುತ್ತಾರೆ. ಪ್ರತಿ ಸಲವೂ ಕೆನ್ನೆ, ಕುತ್ತಿಗೆ ಕೆಂಪಾಗಿ ಉರಿಯುತ್ತದೆ, ಗುಳ್ಳೆ ಏಳುತ್ತವೆ. ಅಂಗಡಿಗೆ ಹೋಗಿ ಸಾಮಾನು ತರುವವಳು ನಾನು. ಯಾವ ಸೋಪು ತರಲಿ?"

ಗಡ್ಡ ಬಿಟ್ಟಿರುವ ಮೇಷ್ಟ್ರಿಗೆ ಶೇವಿಂಗ್ ಸೋಪಿನ ಪ್ರಶ್ನೆಯೇ ಎಂದು ನನ್ನ ಮನೆಯವಳು ನಕ್ಕಳು. ಆದರೆ ಈ ಪಾಠವನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಗಜೇಂದ್ರಗಡದ ನಮ್ಮ ಮನೆಯ ಪಡಸಾಲೆಯಲ್ಲಿ, ಅಬ್ಬಾನ ಮುಖದ ಮೇಲೆ ಕಲಿತೆ. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಮ್ಮ ಅಬ್ಬಾ ನೇಕಾರರು. ಗದ್ದದ ಮೇಲೆ ಸಣ್ಣ ಗಡ್ಡ ಇಟ್ಟವರು. ಕೆನ್ನೆ ಮತ್ತು ಕುತ್ತಿಗೆಯನ್ನು ಮಾತ್ರ ಪ್ರತಿ ಶುಕ್ರವಾರ ಬೆಳಿಗ್ಗೆ ತಾವೇ ನೀಟಾಗಿ ಶೇವ್ ಮಾಡಿಕೊಂಡು, ಸ್ನಾನ ಮುಗಿಸಿ, ಅತ್ತರು ಹಚ್ಚಿ ಜುಮಾಗೆ ಹೊರಡುತ್ತಿದ್ದರು. ಕಿಟಕಿಯ ಸರಳಿಗೆ ಕನ್ನಡಿ, ಸ್ಟೀಲ್ ಬಟ್ಟಲಲ್ಲಿ ದುಂಡನೆಯ ಶೇವಿಂಗ್ ಸೋಪು, ಪಕ್ಕದಲ್ಲಿ ಬ್ರಷ್. ಆ ಹೊತ್ತಿನಲ್ಲಿ ಅವರನ್ನು ಯಾರೂ ಮಾತಾಡಿಸುತ್ತಿರಲಿಲ್ಲ.

2003ರಲ್ಲಿ ನಾನು ಮದ್ರಸಾ ಮುಗಿಸಿ ಊರಿಗೆ ಬಂದೆ. ಶೇವಿಂಗ್ ಬ್ರಷ್‌ಗಳಲ್ಲಿ ಕೆಲವು ಹಂದಿಯ ಕೂದಲಿನಿಂದ ಮಾಡಿದ್ದಿರುತ್ತವೆ ಎಂಬುದು ಆಗ ಹೊಸದಾಗಿ ತಿಳಿದಿತ್ತು. ಒಂದು ಶುಕ್ರವಾರ, ನೆಂಟರು ಕೂತಿದ್ದಾಗಲೇ, ಅಬ್ಬಾನ ಬ್ರಷ್ ಎತ್ತಿ ತಿಪ್ಪೆಗೆ ಎಸೆದೆ. "ಇದು ನಾಪಾಕ್, ಇಷ್ಟು ವರ್ಷ ಮುಖಕ್ಕೆ ಹಚ್ಚಿಕೊಂಡಿರಿ" ಎಂದೆ. ಅಬ್ಬಾ ಏನೂ ಹೇಳಲಿಲ್ಲ. ಮುಖದ ಮೇಲಿನ ನೊರೆಯನ್ನು ಟವಲಿನಿಂದ ಒರೆಸಿಕೊಂಡು ಎದ್ದರು. ಮರುದಿನ ಸಂತೆಯಿಂದ ನೈಲಾನ್ ಬ್ರಷ್ ತಂದರು. ಆ ವಿಷಯ ಮತ್ತೆ ಮನೆಯಲ್ಲಿ ಬರಲೇ ಇಲ್ಲ.

ಎರಡು ವರ್ಷಗಳ ಹಿಂದೆ ಅಬ್ಬಾನ ಬಲಗೈ ಬಿದ್ದುಹೋಯಿತು, ಮಾತು ತೊದಲಾಯಿತು. ಎರಡು ವಾರದ ಮೇಲೆ ಒಂದು ಶುಕ್ರವಾರ ಎಡಗೈಯಿಂದ ಕೆನ್ನೆ ಮುಟ್ಟಿ ತೋರಿಸಿದರು. ನಾನು ಅವಸರದಲ್ಲಿ ಪೇಟೆಯಿಂದ ಘಮಘಮಿಸುವ ಫೋಮ್ ಡಬ್ಬಿ ತಂದೆ, ಬೋರಿನ ನೀರು ಹಚ್ಚಿದೆ, ಬ್ಲೇಡ್ ಎಳೆದೆ. ಮೂರು ಕಡೆ ರಕ್ತ ಬಂತು. ಮುಂದಿನ ಶುಕ್ರವಾರ ಅಬ್ಬಾ ನನ್ನ ಕೈಯಲ್ಲಿ ರೇಜರ್ ಕಂಡು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಅವರು ಶುಗರ್ ಇರುವವರು, ರಕ್ತ ತೆಳುವಾಗುವ ಗುಳಿಗೆ ನುಂಗುವವರು. ಅಂಥವರಿಗೆ ಸಣ್ಣ ಗಾಯವೂ ಸಣ್ಣದಲ್ಲ: ರಕ್ತ ಬೇಗ ನಿಲ್ಲುವುದಿಲ್ಲ, ಗಾಯ ಬೇಗ ಮಾಯುವುದಿಲ್ಲ.

ಆಮೇಲೆ ಒಂದೊಂದಾಗಿ ಕಲಿತದ್ದನ್ನು ಈಗ ಹೇಳುತ್ತೇನೆ.

ಮೊದಲನೆಯದು ನೀರು. ನಮ್ಮ ಕಡೆಯ ಬಹಳಷ್ಟು ಬೋರುಗಳ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಬಿಳಿ ಗಷ್ಟಾಗುತ್ತದೆ, ನೊರೆ ಏಳುವುದಿಲ್ಲ. ಆ ಗಷ್ಟು ಚರ್ಮಕ್ಕೆ ಅಂಟಿಕೊಂಡರೆ ತುರಿಕೆಯಾಗಬಹುದು. ನಾನು ರೋಣದ ಶಾಲೆಯಲ್ಲಿ ಮಕ್ಕಳಿಗೆ ಇದನ್ನು ಮಾಡಿ ತೋರಿಸಿದ್ದೆ: ಎರಡು ಬಾಟಲಿ, ಒಂದರಲ್ಲಿ ಬೋರಿನ ನೀರು, ಇನ್ನೊಂದರಲ್ಲಿ ಮಳೆನೀರು, ಎರಡಕ್ಕೂ ಒಂದೇ ಅಳತೆಯ ಸೋಪಿನ ಚೂರು. ಅಲುಗಾಡಿಸಿದರೆ ಮಳೆನೀರಿನಲ್ಲಿ ಕುತ್ತಿಗೆವರೆಗೆ ನೊರೆ, ಬೋರಿನ ನೀರಿನಲ್ಲಿ ಮಜ್ಜಿಗೆಯಂಥ ರಾಡಿ. ಶಾಲೆಯಲ್ಲಿ ಪಾಠ ಮಾಡಿದವನಿಗೆ ಮನೆಯಲ್ಲಿ ಅದು ನೆನಪಾಗಲಿಲ್ಲ ನೋಡಿ! ನಲ್ಲಿಯಲ್ಲಿ ಮಲಪ್ರಭೆಯ ನೀರು ಬಂದ ದಿನ ಒಂದು ತಂಬಿಗೆ ತೆಗೆದಿಡಿ. ಇಲ್ಲದಿದ್ದರೆ ಹಿಡಿದಿಟ್ಟ ಮಳೆನೀರು, ಅಥವಾ ಶುದ್ಧ ನೀರಿನ ಘಟಕದಿಂದ ತಂದ ಕುಡಿಯುವ ನೀರು. ಶೇವಿಂಗಿಗೆ ಒಂದು ತಂಬಿಗೆ ಸಾಕು. ಬೋರಿನ ನೀರನ್ನೇ ಬಳಸುವುದಾದರೆ ಚೆನ್ನಾಗಿ ಕುದಿಸಿ, ತಿಳಿಯಾದ ಮೇಲೆ ಬಳಸಿ. ಗಡಸುತನದ ಒಂದು ಪಾಲು ಪಾತ್ರೆಯ ತಳದಲ್ಲಿ ಬಿಳಿ ಪದರವಾಗಿ ಉಳಿಯುತ್ತದೆ. ಎಲ್ಲವೂ ಹೋಗುವುದಿಲ್ಲ.

ಎರಡನೆಯದು ಸೋಪು. ಸ್ನಾನದ ಸೋಪು ಸಾಲದೇ ಎಂದು ಅನೇಕರು ಕೇಳುತ್ತಾರೆ. ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಆರಂಭವಾದಾಗಿನಿಂದ ಮೈಸೂರ್ ಸ್ಯಾಂಡಲ್ ನಮ್ಮ ನಾಡಿನ ಹೆಮ್ಮೆ. ಸ್ನಾನಕ್ಕೆ ಒಳ್ಳೆಯ ಸೋಪು. ಆದರೆ ಅದರ ಕೆಲಸ ಬೇರೆ, ಇದರ ಕೆಲಸ ಬೇರೆ. ಸ್ನಾನದ ಸೋಪನ್ನು ಎಣ್ಣೆ, ಕೊಬ್ಬುಗಳಿಗೆ ಕಾಸ್ಟಿಕ್ ಸೋಡಾ ಸೇರಿಸಿ ಮಾಡುತ್ತಾರೆ. ಅದು ಗಟ್ಟಿ, ಬೇಗ ಕರಗುವುದಿಲ್ಲ, ನೊರೆಯ ಗುಳ್ಳೆ ದೊಡ್ಡದು, ಎರಡು ನಿಮಿಷದಲ್ಲಿ ಒಣಗುತ್ತದೆ. ಶೇವಿಂಗ್ ಸೋಪಿನಲ್ಲಿ ಸೋಡಾದ ಜೊತೆಗೆ ಅಥವಾ ಬದಲಿಗೆ ಪೊಟ್ಯಾಷ್ ಕ್ಷಾರ ಇರುತ್ತದೆ, ಸ್ಟಿಯರಿಕ್ ಆಸಿಡ್ ಹೆಚ್ಚಿರುತ್ತದೆ. ಆದ್ದರಿಂದ ನೊರೆ ಕೆನೆಯಂತೆ ದಪ್ಪಗೆ ಕೂತು ಕೂದಲನ್ನು ಒದ್ದೆಯಾಗಿಡುತ್ತದೆ, ಬ್ಲೇಡ್ ಜಾರುತ್ತದೆ. ಸ್ನಾನದ ಸೋಪಿನ ಮೇಲೆ ಟಿಎಫ್‌ಎಂ ಎಂಬ ಅಂಕಿ ಇರುತ್ತದೆ; 76 ಅಥವಾ ಹೆಚ್ಚಿದ್ದರೆ ಮೊದಲ ದರ್ಜೆ. ಆ ಅಂಕಿ ಶೇವಿಂಗಿನ ನೊರೆಯ ಬಗ್ಗೆ ಏನೂ ಹೇಳುವುದಿಲ್ಲ.

ಹಾಗಾದರೆ ಅಂಗಡಿಯಲ್ಲಿ ಏನು ನೋಡಬೇಕು? ಪೊಟ್ಟಣ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಸ್ಟಿಯರಿಕ್ ಆಸಿಡ್, ಪೊಟ್ಯಾಸಿಯಂ, ಗ್ಲಿಸರಿನ್ ಎಂಬ ಹೆಸರುಗಳು ಮೊದಲ ಕೆಲವು ಪದಾರ್ಥಗಳಲ್ಲಿದ್ದರೆ ಒಳ್ಳೆಯದು. ಗ್ಲಿಸರಿನ್ ತೇವ ಹಿಡಿದಿಡುತ್ತದೆ. ಮೆಂಥಾಲ್, ನಿಂಬೆ, ಜೋರು ಸುವಾಸನೆ ಇರುವುದು ಮುದುಕರ ತೆಳು ಚರ್ಮಕ್ಕೆ ಬೇಡ. ತಣ್ಣಗೆನಿಸುವುದೆಲ್ಲ ಹಿತವಲ್ಲ. ಬೆಲೆ ಹೆಚ್ಚಿದ್ದ ಮಾತ್ರಕ್ಕೆ ಉತ್ತಮವೂ ಅಲ್ಲ. ಟ್ಯೂಬಿನಲ್ಲಿ ಬರುವ ಶೇವಿಂಗ್ ಕ್ರೀಮೂ ಹೆಚ್ಚುಕಡಿಮೆ ಇದೇ ಸೋಪು, ನೀರು ಹೆಚ್ಚಾಗಿ ಮೆದುವಾಗಿರುತ್ತದೆ ಅಷ್ಟೆ. ಹೊಸ ಸೋಪನ್ನು ಮೊದಲು ಕಿವಿಯ ಹಿಂದೆ ಅಥವಾ ಮೊಣಕೈ ಒಳಗೆ ಹಚ್ಚಿ ತೊಳೆದು, ಒಂದು ದಿನ ನೋಡಿ.

ನಮ್ಮ ಮನೆಗಳಿಗೆ ಇನ್ನೊಂದು ಮಾತು. ಟ್ಯಾಲೋ ಎಂದರೆ ದನ, ಕುರಿಗಳ ಕೊಬ್ಬು, ಲಾರ್ಡ್ ಎಂದರೆ ಹಂದಿಯ ಕೊಬ್ಬು. ಸ್ಟಿಯರಿಕ್ ಆಸಿಡ್ ತಾಳೆ ಎಣ್ಣೆಯಿಂದಲೂ ಆಗುತ್ತದೆ, ಪ್ರಾಣಿಯ ಕೊಬ್ಬಿನಿಂದಲೂ ಆಗುತ್ತದೆ. ಹಸಿರು ಚುಕ್ಕೆ ಇರುವ ಅಥವಾ ಸಸ್ಯಜನ್ಯ ಎಂದು ಬರೆದಿರುವ ಪೊಟ್ಟಣ ಆರಿಸಿಕೊಂಡರೆ ಸಂಶಯವೇ ಇರುವುದಿಲ್ಲ. ಬ್ರಷ್ ಕೊಳ್ಳುವಾಗ 'ಬೋರ್' ಎಂದಿದ್ದರೆ ಅದು ಹಂದಿಯ ಕೂದಲು. ಬರೀ 'ಬ್ರಿಸಲ್' ಎಂದಿದ್ದರೂ ವಿಚಾರಿಸಿ. ನೈಲಾನ್ ಅಥವಾ ಸಿಂಥೆಟಿಕ್ ಎಂದು ಸ್ಪಷ್ಟವಾಗಿ ಬರೆದದ್ದನ್ನು ತನ್ನಿ. ಅದು ಬೇಗ ಒಣಗುತ್ತದೆ, ಬೆಲೆಯೂ ಕಡಿಮೆ.

ಮೂರನೆಯದು ಕೈ. ಬಿಸಿ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು, ಬಿಸಿ ಹಿತವಾಗಿದೆಯೇ ಎಂದು ನಿಮ್ಮ ಕೈಯಲ್ಲಿ ನೋಡಿಕೊಂಡು, ಎರಡು ಮೂರು ನಿಮಿಷ ಕೆನ್ನೆಗೆ ಇಡಿ. ನೀರು ಕುಡಿದ ಕೂದಲು ಮೆತ್ತಗಾಗುತ್ತದೆ, ಒಣ ಕೂದಲು ತಂತಿಯಂತಿರುತ್ತದೆ. ಬ್ರಷ್‌ನಿಂದ ಬಟ್ಟಲಲ್ಲಿ ನೊರೆ ಎಬ್ಬಿಸಿ ಮುಖಕ್ಕೆ ದುಂಡಗೆ ತಿಕ್ಕಿ. ಸಡಿಲ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಎಳೆದು ಹಿಡಿದು, ಕೂದಲು ಬೆಳೆದ ದಿಕ್ಕಿಗೇ ಬ್ಲೇಡ್ ಎಳೆಯಿರಿ. ಒತ್ತಬೇಡಿ. ಒಂದೇ ಜಾಗದಲ್ಲಿ ಮತ್ತೆ ಎಳೆಯಬೇಕಾದರೆ ಮತ್ತೆ ನೊರೆ ಹಚ್ಚಿ. ಗುಳ್ಳೆ ಏಳುವುದು ಬಹಳ ಸಲ ಉಲ್ಟಾ ಎಳೆದದ್ದರಿಂದ, ಮೊಂಡು ಬ್ಲೇಡಿನಿಂದ. ನಾಲ್ಕೈದು ಸಲಕ್ಕೆ ಬ್ಲೇಡ್ ಬದಲಿಸಿ. ಸೋಪು ಕ್ಷಾರ, ಚರ್ಮ ಸ್ವಲ್ಪ ಆಮ್ಲ. ಆದ್ದರಿಂದ ಮುಗಿದ ಮೇಲೆ ಸೋಪಿನ ಅಂಶ ಉಳಿಯದಂತೆ ತಣ್ಣೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ. ಒಬ್ಬರ ಬ್ಲೇಡ್ ಇನ್ನೊಬ್ಬರಿಗೆ ಬೇಡ, ತಂದೆ ಮಗನಾದರೂ ಸರಿ. ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹೆಪಟೈಟಿಸ್ ಬಿ, ಸಿ ಹರಡಬಲ್ಲವು. ಕಟಿಂಗ್ ಅಂಗಡಿಯಲ್ಲೂ, ಮಗುವಿನ ಅಕೀಕಾದಲ್ಲಿ ತಲೆ ಬೋಳಿಸುವಾಗಲೂ ಹೊಸ ಬ್ಲೇಡನ್ನು ಕಣ್ಣೆದುರೇ ಹಾಕಿಸಿ. ಗುಳ್ಳೆಯಲ್ಲಿ ಕೀವು ತುಂಬಿದರೆ ಶೇವ್ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಸಿಕ್ಕಿದ ಮುಲಾಮು ಹಚ್ಚಬೇಡಿ.

ಇಷ್ಟೆಲ್ಲ ಮಾಡಿದ ಮೊದಲ ಶುಕ್ರವಾರ ಅಬ್ಬಾ ಮುಖ ತಿರುಗಿಸಲಿಲ್ಲ. ಬಿಸಿ ಬಟ್ಟೆ ಇಟ್ಟಾಗ ಕಣ್ಣು ಮುಚ್ಚಿದರು. ನೊರೆ ಹಚ್ಚುವಾಗ ಕಣ್ಣು ತೆರೆದು ಬ್ರಷ್ ನೋಡಿದರು, ನನ್ನನ್ನು ನೋಡಿದರು. ತೊದಲುತ್ತಾ ಕೇಳಿದರು: "ಬೇಟಾ, ಇದು ಯಾವ ಕೂದಲು?"

"ನೈಲಾನ್, ಅಬ್ಬಾ" ಎಂದೆ. ಅವರ ಸೊಟ್ಟಗಾದ ಬಾಯಲ್ಲಿ ನಗು ಬಂತು. ನನಗೆ ನಗು ಬರಲಿಲ್ಲ. ಬ್ರಷ್ ಕೆಳಗಿಟ್ಟು ಅವರ ಕೈ ಹಿಡಿದು, ಅಂದು ಎಲ್ಲರೆದುರು ಆಡಿದ ಮಾತಿಗೆ ಮಾಫಿ ಕೇಳಿದೆ. ಅಂದು ನಾನು ಹೇಳಿದ್ದು ತಪ್ಪಾಗಿರಲಿಲ್ಲ. ಹೇಳಿದ ರೀತಿ ಮಾತ್ರ ಮಗನದಾಗಿರಲಿಲ್ಲ. ಮಾಫಿ ಕೇಳಲು ಇಪ್ಪತ್ತು ವರ್ಷ ಬೇಕಾಯಿತು. ಅಬ್ಬಾ ಎಡಗೈಯಿಂದ ಇನ್ನೊಂದು ಕೆನ್ನೆ ತೋರಿಸಿದರು, ಅದಿನ್ನೂ ಬಾಕಿ ಇತ್ತು.

ಸಹೋದರಿಯವರೇ, ಗ್ಲಿಸರಿನ್ ಇರುವ, ವಾಸನೆ ಕಡಿಮೆಯ ಒಂದು ಶೇವಿಂಗ್ ಸೋಪು, ಒಂದು ನೈಲಾನ್ ಬ್ರಷ್, ಹೊಸ ಬ್ಲೇಡುಗಳು ತನ್ನಿ. ಒಂದು ತಂಬಿಗೆ ಮೆದು ನೀರು ಕಾಯಿಸಿ ಕೊಡಿ. ಅವಸರ ಮಾಡಬೇಡಿರೆಂದು ಯಜಮಾನರಿಗೆ ಹೇಳಿ. ಮಾವನವರಿಗೆ ನನ್ನ ಸಲಾಂ ತಿಳಿಸಿ. ಅಲ್ಲಾಹನು ಅವರಿಗೆ ಆರೋಗ್ಯ ನೀಡಲಿ.