ಪರಿಚಯ ಎಲ್ಲಿಂದ ಶುರುವಾಗಬೇಕು?

ಶಾಲೆ ತೆರೆದ ಮೊದಲ ವಾರ. ನಿಮ್ಮ ತರಗತಿಗೆ ಹೊಸಬರೊಬ್ಬರು ಬಂದಿದ್ದಾರೆ ಎಂದುಕೊಳ್ಳಿ. ಮೇಷ್ಟ್ರು "ಎದ್ದು ನಿಂತು ಪರಿಚಯ ಹೇಳು" ಎನ್ನುತ್ತಾರೆ. ಹೆಸರು, ಊರು ಹೇಳಿ ಮುಗಿಸುವಷ್ಟರಲ್ಲಿ ಸುತ್ತಲಿಂದ ಪ್ರಶ್ನೆಗಳು ಬರುತ್ತವೆ. ಅಪ್ಪ ಏನು ಕೆಲಸ ಮಾಡ್ತಾರೆ? ಹೋದ ವರ್ಷ ಎಷ್ಟು ಮಾರ್ಕ್ಸು? ಅಡ್ಡಹೆಸರೇನು? (ಅಡ್ಡಹೆಸರನ್ನು ಏಕೆ ಕೇಳುತ್ತಾರೆಂದು ನಿಮಗೂ ಗೊತ್ತು, ನನಗೂ ಗೊತ್ತು.) ಈ ಮೂರು ಪ್ರಶ್ನೆಗಳನ್ನು ಕೈಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಬಂದವರು ನಮಗಿಂತ ಮೇಲೋ ಕೆಳಗೋ ಎಂದು ಲೆಕ್ಕ ಹಾಕಲು ಮಾತ್ರ ಇವು ಸಾಕು. ಅವರು ಎಂಥವರು ಎಂಬುದು ಇವುಗಳಿಂದ ತಿಳಿಯುವುದಿಲ್ಲ.

ಹಾಗಾದರೆ ಪರಿಚಯ ಮಾಡಿಕೊಳ್ಳುವುದು ಹೇಗೆ? ಒಮ್ಮೆ ವಿಜ್ಞಾನಿಗಳೇ ಈ ವಿಷಯವನ್ನು ತಲೆ ಕೆಡಿಸಿಕೊಂಡು ಯೋಚಿಸಬೇಕಾಗಿ ಬಂತು. 1977ರಲ್ಲಿ ಅಮೆರಿಕದ ನಾಸಾ ಸಂಸ್ಥೆ ವಾಯೇಜರ್-1 ಮತ್ತು ವಾಯೇಜರ್-2 ಎಂಬ ನೌಕೆಗಳನ್ನು ಹಾರಿಸಿತು. ಗುರು, ಶನಿ ಗ್ರಹಗಳನ್ನು ಹಾದು ಇವು ನಕ್ಷತ್ರಗಳ ಕಡೆಗೆ ಸಾಗುತ್ತಲೇ ಇರುತ್ತವೆ ಎಂದು ಅವರಿಗೆ ಗೊತ್ತಿತ್ತು. ಎಂದಾದರೊಂದು ದಿನ ಬುದ್ಧಿಯುಳ್ಳ ಜೀವಿಗಳ ಕೈಗೆ ಸಿಕ್ಕರೆ? "ನಾವು ಇಂಥವರು" ಎಂದು ಹೇಳಲು ಎರಡರಲ್ಲೂ ಚಿನ್ನದ ಲೇಪವಿರುವ ಒಂದೊಂದು ತಾಮ್ರದ ಗ್ರಾಮಫೋನ್ ತಟ್ಟೆ ಇಟ್ಟರು. ಅದರಲ್ಲಿ ಏನೇನು ಇರಬೇಕೆಂದು ಆರಿಸಿದ್ದು ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಅವರ ತಂಡ.

ಆ ತಟ್ಟೆಯಲ್ಲಿ ಮಳೆ, ಗುಡುಗು, ನಗು, ಎದೆಬಡಿತದ ಸದ್ದುಗಳಿವೆ. ಕೇಸರಬಾಯಿ ಕೇರ್ಕರ್ ಅವರ ಗಾಯನವಿದೆ. 55 ಭಾಷೆಗಳ ಶುಭಾಶಯಗಳಿವೆ. ಅವುಗಳಲ್ಲಿ ಕನ್ನಡವೂ ಒಂದು! ಕನ್ನಡಿಗರ ಪರವಾಗಿ ಶುಭ ಕೋರುವ ಆ ಪುಟ್ಟ ಮಾತು ವಾಯೇಜರ್-1ರ ಜೊತೆಗೆ ಈಗ 2,500 ಕೋಟಿ ಕಿಲೋಮೀಟರಿಗೂ ಆಚೆ ಇದೆ. ಇಂಗ್ಲಿಷಿನಲ್ಲಿ ಶುಭಾಶಯ ಹೇಳಿದ್ದು ಸೇಗನ್ ಅವರ ಮಗ. ಆಗ ಅವನಿಗೆ ಆರೇ ವರ್ಷ.

ಆದರೆ ಅಲ್ಲಿರುವವರಿಗೆ ಕನ್ನಡವೂ ಬರದು, ಇಂಗ್ಲಿಷೂ ಬರದು. ಸೆಕೆಂಡು, ಮೀಟರು ಎಂದರೂ ತಿಳಿಯದು. ಅವು ನಾವು ಮಾಡಿಕೊಂಡ ಅಳತೆಗಳು. ಆದ್ದರಿಂದ ಇಬ್ಬರ ಬಳಿಯೂ ಇರುವ ವಸ್ತು ಯಾವುದು ಎಂದು ತಂಡದವರು ಯೋಚಿಸಿದರು. ಅದು ಹೈಡ್ರೋಜನ್. ವಿಶ್ವದಲ್ಲಿ ಅತಿ ಹೆಚ್ಚಾಗಿರುವ ಧಾತು ಅದೇ. ಇಲ್ಲಿಯ ಹೈಡ್ರೋಜನ್ನಿಗೂ ಅಲ್ಲಿಯದಕ್ಕೂ ವ್ಯತ್ಯಾಸವಿಲ್ಲ. ಈ ಪರಮಾಣು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಬದಲಾದಾಗ ಹೊಮ್ಮುವ ಅಲೆಯ ಲಯ ಎಲ್ಲೆಡೆಯೂ ಒಂದೇ. ಆ ಲಯವನ್ನೇ ಗಡಿಯಾರವಾಗಿ ಇಟ್ಟುಕೊಂಡು, ತಟ್ಟೆ ಎಷ್ಟು ವೇಗವಾಗಿ ತಿರುಗಬೇಕು ಎಂಬುದನ್ನು ಮುಚ್ಚಳದ ಮೇಲೆ ಗೆರೆಗಳಲ್ಲಿ ಕೆತ್ತಿದರು.

ತಟ್ಟೆಯಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳಿವೆ. ಮೊದಲನೆಯದು ಬರೀ ಒಂದು ವೃತ್ತ. ಏಕೆ ಗೊತ್ತೇ? ಸಂಕೇತಗಳನ್ನು ಸರಿಯಾಗಿ ಬಿಡಿಸಿಕೊಂಡರೆ ಅದು ಗುಂಡಗೆ ಕಾಣುತ್ತದೆ. ಮೊಟ್ಟೆಯ ಹಾಗೆ ಕಂಡರೆ, ನೋಡುವವರು ತಾವೇ ಎಲ್ಲೋ ತಪ್ಪಿದ್ದೇವೆ ಎಂದು ತಿಳಿದು ಸರಿಪಡಿಸಿಕೊಳ್ಳಬಹುದು. ತಪ್ಪು ವೃತ್ತದ್ದಲ್ಲ!

ಮೊಟ್ಟೆ ಎಂದಾಗ ನೆನಪಾಯಿತು. ರಾಯಚೂರು, ಯಾದಗಿರಿ ಕಡೆಯಿಂದ ಎಷ್ಟೋ ಕುಟುಂಬಗಳು ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಬರುತ್ತವೆ. ಆ ಮನೆಗಳ ಮಕ್ಕಳು ಬಿಸಿಯೂಟದ ಹೊತ್ತಿನಲ್ಲಿ "ತತ್ತಿ" ಎಂದರೆ ಇಲ್ಲಿಯ ಕೆಲವರು ನಗುತ್ತಾರೆ. ಉತ್ತರ ಕರ್ನಾಟಕದಲ್ಲಿ ಮೊಟ್ಟೆಗೆ ತತ್ತಿ ಎನ್ನುತ್ತಾರೆ, ಅಷ್ಟೆ. ಅದೂ ಕನ್ನಡವೇ. ಕೇಳಿದವರಿಗೆ ವಿಚಿತ್ರ ಎನಿಸಿದರೆ ತಪ್ಪು ಆಡಿದವರದ್ದಲ್ಲ. ಇಬ್ಬರ ತಟ್ಟೆಯಲ್ಲೂ ಇರುವ ಆ ಮೊಟ್ಟೆಯೇ ನಿಮ್ಮ ಹೈಡ್ರೋಜನ್. ಮಾತು ಅಲ್ಲಿಂದ ಶುರುವಾಗಲಿ. ನಿಮ್ಮೂರಲ್ಲಿ ಇದಕ್ಕೆ ಏನಂತಾರೆ? ಕುಂಟಬಿಲ್ಲೆಗೆ ಎಷ್ಟು ಮನೆ ಬರೀತೀರಿ? ಮಳೆ ಯಾವಾಗ ಬರುತ್ತೆ? ಇಂಥ ಪ್ರಶ್ನೆಗೆ ಉತ್ತರ ಹೇಳುವಾಗ ಯಾರೂ ತಲೆ ತಗ್ಗಿಸಬೇಕಾಗಿಲ್ಲ. ಕೇಳಿದವರಿಗೂ ಒಂದು ಹೊಸ ವಿಷಯ ಸಿಗುತ್ತದೆ.

ಇನ್ನೊಂದು ಸಂಗತಿ ಇದೆ. ವಾಯೇಜರ್ ತಟ್ಟೆಯಲ್ಲಿ ಯುದ್ಧ, ರೋಗ, ಬಡತನದ ಚಿತ್ರಗಳಿಲ್ಲ. ಬೇಕೆಂದೇ ಬಿಟ್ಟರು. ಹಾಗಾದರೆ ಇದು ಅರ್ಧ ಸತ್ಯವಾಗಲಿಲ್ಲವೇ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಮೊದಲ ಭೇಟಿಯಲ್ಲೇ ಎಲ್ಲವನ್ನೂ ಹೇಳಿಬಿಡಬೇಕೆಂದು ಯಾರು ಹೇಳಿದರು? ಯಾವುದನ್ನು ಈಗ ಹೇಳಬೇಕು, ಯಾವುದನ್ನು ಆಮೇಲೆ ಎಂಬುದು ಪರಿಚಯ ಹೇಳಿಕೊಳ್ಳುವವರಿಗೆ ಬಿಟ್ಟದ್ದು. ಹೊಸದಾಗಿ ಬಂದ ಹುಡುಗಿಯ ಅಪ್ಪ ತೀರಿಹೋಗಿರಬಹುದು. ಮನೆ ಬಿಟ್ಟು ಹೋಗಿರಬಹುದು. ಅದನ್ನು ಇಡೀ ತರಗತಿಯ ಮುಂದೆ ನಿಲ್ಲಿಸಿ ಹೇಳಿಸುವ ಹಕ್ಕು ನಮಗಿಲ್ಲ. ಸ್ನೇಹ ಬೆಳೆದ ಮೇಲೆ ಅವಳಾಗಿಯೇ ಹೇಳಬಹುದು. ಹೇಳದೆಯೂ ಇರಬಹುದು.

ಈ ಸಲ ಹೊಸಬರು ಬಂದಾಗ, ಅವರನ್ನು ಎಬ್ಬಿಸುವ ಮೊದಲು ಹಳಬರೇ ಒಬ್ಬೊಬ್ಬರಾಗಿ ತಮ್ಮ ಪರಿಚಯ ಹೇಳಲಿ ಎಂದು ಮೇಷ್ಟ್ರನ್ನು ಕೇಳಿ ನೋಡಿ. ವಾಯೇಜರ್ ಕಳಿಸಿದವರು ಮಾಡಿದ್ದೂ ಅದನ್ನೇ. ಅವರೂ ಒಂದೆರಡು ಪ್ರಶ್ನೆ ಕೇಳದೆ ಇರಲಿಲ್ಲ ಅನ್ನಿ. ಚೀನಾದ ಅಮೊಯ್ ಮಾತಿನಲ್ಲಿರುವ ಶುಭಾಶಯವು ಆಕಾಶದಾಚೆಯ ಗೆಳೆಯರನ್ನು ಹೇಗಿದ್ದೀರಿ, ಊಟ ಆಯಿತೇ ಎಂದು ವಿಚಾರಿಸಿ, ಬಿಡುವಾದಾಗ ನಮ್ಮ ಕಡೆ ಬನ್ನಿ ಎಂದು ಕರೆಯುತ್ತದೆ.